12 ನಿಮಿಷದಲ್ಲಿ ಒಂದೇ ಮಾತು: ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಕಾಫಿ, ಏಲಕ್ಕಿ, ಕಾಡು ಅಥವಾ ಮಳೆಯ ಬಗ್ಗೆ ವಿಚಾರ ಸಂಕಿರಣ ನಡೆದರೆ ಸಭೆಯಲ್ಲಿ ಕೂರುವವರು ಒಂದೇ ತರದವರಲ್ಲ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ವಿಜ್ಞಾನಿಗಳು ಇರುತ್ತಾರೆ. ಪೊನ್ನಂಪೇಟೆ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು, ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದವರು, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರು ಇರುತ್ತಾರೆ. ಜೊತೆಗೆ, ಅರ್ಧ ದಿನದ ತೋಟದ ಕೆಲಸ ಬಿಟ್ಟು ಬಂದ ಬೆಳೆಗಾರರು. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆ ಆಡುವವರು, ಮಲಯಾಳ, ತುಳು ಆಡುವವರು ಎಲ್ಲರೂ ಒಂದೇ ಹಾಲ್‌ನಲ್ಲಿ. ಇಷ್ಟು ಜನರಿಗೂ ತಲುಪುವ ಹಾಗೆ ನೀವು 12 ನಿಮಿಷದಲ್ಲಿ ಮಾತಾಡಬೇಕು.

ಮೊದಲ ಸಲ ಪ್ರಬಂಧ ಮಂಡಿಸುವ ವಿದ್ಯಾರ್ಥಿಗೂ, ತನ್ನ ತೋಟದ ಅನುಭವ ಹೇಳಲು ಕರೆ ಬಂದ ಬೆಳೆಗಾರರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ತೋಟದ ಮಳೆ ಪುಸ್ತಕ. ಕೊಡಗಿನ ಎಷ್ಟೋ ತೋಟಗಳಲ್ಲಿ ದಿನಾ ಬೆಳಗ್ಗೆ ಮಳೆ ಅಳೆದು ಬರೆದಿಡುವ ರೂಢಿ ಇದೆ. ಅಂಥ 30 ವರ್ಷದ ಪುಸ್ತಕಗಳು ಮತ್ತು ಅದೇ ತೋಟದ ರೊಬಸ್ಟಾ (ಅರೇಬಿಕಾದ ಹಾಗೆ ಕಾಫಿಯ ಒಂದು ಜಾತಿ) ಇಳುವರಿಯ ಲೆಕ್ಕ ನಿಮ್ಮ ಕೈಲಿವೆ ಅಂದುಕೊಳ್ಳಿ.

ಮೊದಲು ಆಯೋಜಕರಿಗೆ ಫೋನ್ ಮಾಡಿ

ಸ್ಲೈಡ್ ಮಾಡಲು ಕೂರುವ ಮೊದಲೇ ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ. 15 ನಿಮಿಷ ಅಂದರೆ ಪ್ರಶ್ನೆಗೂ ಸೇರಿಸಿಯಾ? ಸಾಮಾನ್ಯವಾಗಿ ಹೌದು. ಹಾಗಿದ್ದರೆ ನಿಮ್ಮ ಮಾತಿಗೆ ಸಿಗುವುದು 12 ನಿಮಿಷ. ಮಾತು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ? ನಮ್ಮ ಲ್ಯಾಪ್‌ಟಾಪ್ ಹಾಕಬಹುದೋ, ಅವರದ್ದೇ ಕಂಪ್ಯೂಟರೋ? ಪ್ರೊಜೆಕ್ಟರ್ ಯಾವ ಅಳತೆಯದು, ಅಗಲದ 16:9 ಅಥವಾ ಹಳೆಯ 4:3? ಕರೆಂಟ್ ಹೋದರೆ ಜನರೇಟರ್ ಇದೆಯಾ? ನಿಮ್ಮ ಗೋಷ್ಠಿ ಊಟಕ್ಕೆ ಮೊದಲೋ ಆಮೇಲೋ?

ಎಲ್ಲಕ್ಕಿಂತ ಮುಖ್ಯ, ಯಾರು ಬರುತ್ತಾರೆ ಅಂತ ಕೇಳಿ. ಇದಕ್ಕೆ ಸಿಗುವ ಉತ್ತರ ನಿಮ್ಮ ಅರ್ಧ ತಯಾರಿಯನ್ನು ನಿರ್ಧರಿಸುತ್ತದೆ. ಬರೀ ವಿಜ್ಞಾನಿಗಳಾದರೆ ನೀವು ಲೆಕ್ಕ ಹಾಕಿದ ವಿಧಾನಕ್ಕೆ ಜಾಸ್ತಿ ಸಮಯ ಬೇಕು. ಬೆಳೆಗಾರರೇ ಹೆಚ್ಚಿದ್ದರೆ ಆ ವಿಧಾನ ಒಂದು ನಿಮಿಷದಲ್ಲಿ ಮುಗಿಯಬೇಕು. ಅವರಿಗೆ ಬೇಕಾದದ್ದು ಮುಂದಿನ ಮಾರ್ಚ್‌ನಲ್ಲಿ, ಕಾಫಿ ಹೂ ಬಿಡುವ ಹೊತ್ತಿಗೆ, ಏನು ಮಾಡಬೇಕು ಅನ್ನುವುದು.

ದಿನಾಂಕವನ್ನೂ ಗಮನಿಸಿ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ. ಆ ತಿಂಗಳುಗಳಲ್ಲಿ ಸಂಕಿರಣ ಇಟ್ಟರೆ ಬೆಳೆಗಾರರು ಕಡಿಮೆ ಬರುತ್ತಾರೆ, ಬಂದವರೂ ಊಟ ಮುಗಿಸಿ ಕಣಕ್ಕೆ ಓಡುತ್ತಾರೆ. ಬೆಳೆಗಾರರಿಗೆ ಹೇಳಲೇಬೇಕಾದ ಮಾತು ನಿಮ್ಮದಾದರೆ, ಬೆಳಗಿನ ಗೋಷ್ಠಿಯಲ್ಲಿ ಜಾಗ ಕೊಡಿ ಅಂತ ಕೇಳಲು ಹಿಂಜರಿಯಬೇಡಿ.

ಒಂದು ವಾಕ್ಯ ಬರೆಯಿರಿ

ಇಲ್ಲಿ ಎಷ್ಟು ಹೊತ್ತು ಕಳೆದರೂ ತಪ್ಪಿಲ್ಲ. "ಮಳೆ ಮತ್ತು ಕಾಫಿ ಇಳುವರಿಯ ಸಂಬಂಧ" ಅನ್ನುವುದು ವಿಷಯ ಆಯಿತು, ಮಾತು ಆಗಲಿಲ್ಲ. ಮಾತು ಅಂದರೆ ಹೀಗಿರಬೇಕು: "ರೊಬಸ್ಟಾ ಇಳುವರಿಗೆ ವರ್ಷದ ಒಟ್ಟು ಮಳೆ ಎಷ್ಟು ಅನ್ನುವುದಕ್ಕಿಂತ, ಹೂಮಳೆ ಮತ್ತು ಬ್ಯಾಕಿಂಗ್ ಮಳೆ ಯಾವಾಗ ಬಿದ್ದವು ಅನ್ನುವುದು ಮುಖ್ಯ." (ಹೂಮಳೆ ಅಂದರೆ ಹೂ ಅರಳಿಸುವ ಮಳೆ, ಬ್ಯಾಕಿಂಗ್ ಅಂದರೆ ಆಮೇಲೆ ಕಾಯಿ ನಿಲ್ಲಲು ಬೇಕಾದ ಮಳೆ.)

ಈ ವಾಕ್ಯವನ್ನು ಎರಡು ರೀತಿಯಲ್ಲಿ ಪರೀಕ್ಷಿಸಿ. ಒಂದು, ಯಾರಾದರೂ ಎದ್ದು ನಿಂತು "ಇಲ್ಲ, ನಮ್ಮ ತೋಟದಲ್ಲಿ ಹಾಗಲ್ಲ" ಅನ್ನಲು ಅವಕಾಶ ಇದೆಯಾ? ಇದ್ದರೆ ಒಳ್ಳೆಯದು, ಅದರಲ್ಲಿ ಏನೋ ತಿರುಳಿದೆ. ಎರಡು, ನಿಮ್ಮ ಮಾತು ಕೇಳಿದ ಬೆಳೆಗಾರರು ಮನೆಗೆ ಹೋಗಿ, ಸಂಕಿರಣದಲ್ಲಿ ಏನು ಹೇಳಿದರು ಅಂತ ಕೇಳಿದವರಿಗೆ ಇದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲರಾ?

ವಾಕ್ಯ ಸಿಕ್ಕಿತು ಅಂದಮೇಲೆ ಕತ್ತರಿಸುವ ಕೆಲಸ ಶುರು. 30 ವರ್ಷದ ಪುಸ್ತಕದಲ್ಲಿ ನೂರು ಸಂಗತಿ ಸಿಕ್ಕಿರುತ್ತವೆ. ಜೂನ್ ಮಳೆ ತಡವಾದದ್ದು, 2018ರ ಆಗಸ್ಟ್‌ನ ಭಾರಿ ಮಳೆ, ಕೊಳೆ ರೋಗ ಬಂದ ವರ್ಷಗಳು. 2018ರ ಆಗಸ್ಟ್ ಕೊಡಗಿನಲ್ಲಿ ಯಾರೂ ಮರೆಯದ ತಿಂಗಳು, ಅದನ್ನು ಬಿಡಲು ಮನಸ್ಸು ಬಾರದು. ಆದರೆ ನಿಮ್ಮ ವಾಕ್ಯಕ್ಕೆ ಅದು ಬೇಕಾ? ಹೂಮಳೆಯ ಮಾತಿಗೆ ಬೇಡ. ಬೇಡವಾದದ್ದನ್ನು ಎಸೆಯಬೇಕಿಲ್ಲ, ಕೊನೆಯ ಸ್ಲೈಡ್ ಆದಮೇಲೆ ಬೇರೆ ಸ್ಲೈಡ್‌ಗಳಾಗಿ ಇಟ್ಟುಕೊಳ್ಳಿ. ಪ್ರಶ್ನೆ ಬಂದಾಗ ಕೆಲಸಕ್ಕೆ ಬರುತ್ತವೆ.

ಹೇಳುವ ಕ್ರಮ

ಹೆಚ್ಚಿನವರು ಎಡವುವುದು ಪೀಠಿಕೆಯಲ್ಲಿ. ಕೊಡಗಿನಲ್ಲಿ 1854ರಲ್ಲಿ ಫೌಲರ್ ಎಂಬ ಬ್ರಿಟಿಷ್ ಪ್ಲಾಂಟರ್ ಕಾಫಿ ತೋಟ ತೆರೆದದ್ದು, ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದ್ದು, ಕಾಫಿಯಿಂದ ನಾಡಿಗೆ ಎಷ್ಟು ಲಾಭ ಅನ್ನುವುದು. ಇಷ್ಟು ಹೇಳುವಷ್ಟರಲ್ಲಿ 4 ನಿಮಿಷ ಮುಗಿದಿರುತ್ತದೆ. ಕೇಳುತ್ತಿರುವವರು ಕೊಡಗಿನವರು, ಕಾಫಿ ಬೆಳೆಯುವವರು. ಅವರಿಗೆ ಇದೆಲ್ಲ ಗೊತ್ತು. ಡೆಲ್ಲಿಯಲ್ಲೋ ಬೆಂಗಳೂರಿನಲ್ಲೋ ಮಂಡಿಸುವಾಗ ಬೇಕಾದರೆ ಒಂದು ಸ್ಲೈಡ್ ಹಾಕಿ.

ನೇರವಾಗಿ ಪ್ರಶ್ನೆಯಿಂದ ಶುರು ಮಾಡಿ. "ಒಂದೇ ತೋಟ, ಎರಡು ವರ್ಷ. ಒಟ್ಟು ಮಳೆ ಹೆಚ್ಚುಕಡಿಮೆ ಒಂದೇ. ಇಳುವರಿ ಮಾತ್ರ ಅರ್ಧಕ್ಕರ್ಧ ವ್ಯತ್ಯಾಸ. ಯಾಕೆ?" ನಿಮ್ಮ ಪುಸ್ತಕದಲ್ಲಿ ಅಂಥ ಎರಡು ವರ್ಷ ಸಿಕ್ಕಿದ್ದರೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಕೂತವರೆಲ್ಲ ತಮ್ಮ ತೋಟದ ಎರಡು ವರ್ಷ ನೆನಪು ಮಾಡಿಕೊಳ್ಳುತ್ತಾರೆ.

ಅದಾದಮೇಲೆ ಕಾರಣ. ಕಾಫಿ ಮೊಗ್ಗು ಒಣ ದಿನಗಳಲ್ಲಿ ನಿದ್ದೆಯಲ್ಲಿರುತ್ತದೆ. ಸುಮಾರು ಒಂದು ಇಂಚಿನ ಒಳ್ಳೆಯ ಮಳೆ ಬಿದ್ದರೆ ಎಚ್ಚರಗೊಂಡು, 8ರಿಂದ 10 ದಿನದಲ್ಲಿ ಹೂ ಅರಳುತ್ತದೆ. ಕಾಯಿ ನಿಲ್ಲಬೇಕಾದರೆ ಇನ್ನೆರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬೇಕು. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಆಗಬೇಕು, ಅರೇಬಿಕಾದ ಹಾಗೆ ತನ್ನದೇ ಪರಾಗದಲ್ಲಿ ಕಾಯಿ ಕಟ್ಟುವುದಿಲ್ಲ. ಹಾಗಾಗಿ ಹೂ ಅರಳಿದ ದಿನವೇ ಜೋರು ಮಳೆಯಾದರೆ ಗಾಳಿಗೂ ಜೇನಿಗೂ ಕೆಲಸ ಇಲ್ಲ. ವಿದ್ಯಾರ್ಥಿಗಳಿದ್ದರೆ ಇದಕ್ಕೆ ಒಂದು ನಿಮಿಷ ಕೊಡಿ, ಬೆಳೆಗಾರರೇ ಇದ್ದರೆ ಒಂದು ವಾಕ್ಯ ಸಾಕು.

ಎಲ್ಲಿ, ಹೇಗೆ ಅಳೆದಿರಿ ಅನ್ನುವುದನ್ನು ಮಾತ್ರ ಬಿಡಬೇಡಿ. ಭಾರಿ ಮಳೆ ಬೀಳುವ ಭಾಗಮಂಡಲಕ್ಕೂ ಕಡಿಮೆ ಮಳೆಯ ಕುಶಾಲನಗರಕ್ಕೂ ಹೋಲಿಕೆಯೇ ಇಲ್ಲ. ಮಳೆ ಮಾಪಕ ಎಲ್ಲಿತ್ತು, ಮರದ ಕೆಳಗೋ ಬಯಲಿನಲ್ಲೋ, ದಿನಾ ಒಂದೇ ಹೊತ್ತಿಗೆ ಅಳೆದರಾ, ಯಾವ ವರ್ಷಗಳ ಪುಟ ಕಳೆದಿವೆ ಅಂತ ನೀವೇ ಮೊದಲು ಹೇಳಿ. ಆಮೇಲೆ 6 ನಿಮಿಷ ಪೂರ್ತಿ ನಿಮಗೆ ಸಿಕ್ಕ ಫಲಿತಾಂಶಕ್ಕೆ. ಉಳಿದ 2 ನಿಮಿಷದಲ್ಲಿ, ಇದರಿಂದ ಯಾರು ಏನು ಮಾಡಬಹುದು ಅನ್ನುವುದು: ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು, ಕೆರೆಯಲ್ಲಿ ನೀರು ಕಡಿಮೆ ಇದ್ದರೆ ಹೂವಿಗೆ ಕೊಟ್ಟು ಬ್ಯಾಕಿಂಗ್‌ಗೂ ಉಳಿಸುವುದು ಹೇಗೆ.

ಅಂಕಿಗಳನ್ನು ಸಭೆಯ ಅಳತೆಗೆ ತನ್ನಿ

ಪ್ರಬಂಧದಲ್ಲಿ ನೀವು 27.94 ಮಿಲಿಮೀಟರ್ ಅಂತ ಬರೆದಿರುತ್ತೀರಿ. ಕೊಡಗಿನ ಬೆಳೆಗಾರರು ಮಳೆ ಹೇಳುವುದು ಇಂಚು ಮತ್ತು ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್). "ಒಂದು ಇಂಚು ಹತ್ತು ಸೆಂಟ್" ಅಂದ ತಕ್ಷಣ ಅವರಿಗೆ ಆ ಮಳೆ ಕಣ್ಣಿಗೆ ಕಟ್ಟುತ್ತದೆ. ಸ್ಲೈಡ್‌ನಲ್ಲಿ 28 ಮಿ.ಮೀ. ಅಂತ ಇರಲಿ, ಬಾಯಲ್ಲಿ ಎರಡೂ ಬರಲಿ.

ಇಳುವರಿಯೂ ಹಾಗೇ. ವಿಜ್ಞಾನಿಗಳು ಹೆಕ್ಟೇರಿಗೆ ಎಷ್ಟು ಕೆಜಿ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಅಂತ ಲೆಕ್ಕ ಹಾಕುತ್ತಾರೆ. ಬೆಳೆಗಾರರು ಎಕರೆಗೆ ಎಷ್ಟು ಚೀಲ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಅಂತ ಕೇಳುತ್ತಾರೆ. ಹೆಕ್ಟೇರಿಗೆ 1,000 ಕೆಜಿ ಕ್ಲೀನ್ ಅಂದರೆ ಎಕರೆಗೆ ಸುಮಾರು 405 ಕೆಜಿ. ಒಣಗಿದ ರೊಬಸ್ಟಾ ಚೆರಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಕಾಫಿ ಬೀಜ, ಹಾಗಾಗಿ 50 ಕೆಜಿಯ 16 ಚೀಲದ ಆಸುಪಾಸು. ಈ ಲೆಕ್ಕವನ್ನು ನೀವು ಮಾಡಿಕೊಡದಿದ್ದರೆ ಅವರು ಕೂತಲ್ಲೇ ಮನಸ್ಸಿನಲ್ಲಿ ಮಾಡುತ್ತಿರುತ್ತಾರೆ. ಅಷ್ಟರಲ್ಲಿ ನಿಮ್ಮ ಮುಂದಿನ ಎರಡು ಸ್ಲೈಡ್ ಹೋಗಿರುತ್ತವೆ. ಕೇಳುವವರ ಮೇಲೆ ಗೌರವ ಇರುವವರು ಈ ಕೆಲಸವನ್ನು ತಾವೇ ಮಾಡಿಕೊಂಡು ಬರುತ್ತಾರೆ ಅಂತ ನನ್ನ ಗಟ್ಟಿ ನಂಬಿಕೆ.

ಸ್ಲೈಡ್

12 ನಿಮಿಷಕ್ಕೆ 10 ಸ್ಲೈಡ್ ಸಾಕು. ಪ್ರತಿ ಸ್ಲೈಡ್‌ನ ತಲೆಯಲ್ಲಿ "ಫಲಿತಾಂಶ" ಅಂತ ಬರೆಯುವ ಬದಲು ಫಲಿತಾಂಶವನ್ನೇ ಬರೆಯಿರಿ: "ಬ್ಯಾಕಿಂಗ್ ಮಳೆ ತಡವಾದ ವರ್ಷ ಇಳುವರಿ ಇಳಿದಿದೆ." ತಲೆಬರಹಗಳನ್ನು ಮಾತ್ರ ಸಾಲಾಗಿ ಓದಿದರೆ ಇಡೀ ಮಾತು ಅರ್ಥವಾಗಬೇಕು.

ಸ್ಲೈಡ್ ತುಂಬ ಬರೆದು ಅದನ್ನೇ ಓದುವುದು ಬೇಡ. ಜನ ನಿಮಗಿಂತ ಬೇಗ ಓದಿ ಮುಗಿಸುತ್ತಾರೆ, ಓದುವಾಗ ನಿಮ್ಮ ಮಾತು ಕೇಳುವುದಿಲ್ಲ. ಎಕ್ಸೆಲ್‌ನ 30 ಸಾಲಿನ ಕೋಷ್ಟಕವನ್ನು ಹಾಗೇ ಅಂಟಿಸಿ "ಇದು ಹಿಂದಿನವರಿಗೆ ಕಾಣದಿರಬಹುದು" ಅನ್ನುವುದಾದರೆ, ಆ ಸ್ಲೈಡ್ ಯಾಕೆ ಬೇಕು? ಕೋಷ್ಟಕದಿಂದ ಒಂದೇ ಒಂದು ಗ್ರಾಫ್ ಮಾಡಿ. ಗ್ರಾಫ್ ಬಂದ ಕೂಡಲೇ ಫಲಿತಾಂಶಕ್ಕೆ ಹಾರಬೇಡಿ. ಕೆಳಗಿನ ಗೆರೆ ವರ್ಷ, ಪಕ್ಕದ ಗೆರೆ ಎಕರೆಗೆ ಚೀಲ, ಒಂದೊಂದು ಚುಕ್ಕಿ ಒಂದೊಂದು ವರ್ಷದ ಬೆಳೆ ಅಂತ ಮೊದಲು ತೋರಿಸಿ. ಕೆಂಪು ಮತ್ತು ಹಸಿರು ಗೆರೆಗಳನ್ನು ಒಟ್ಟಿಗೆ ಹಾಕಬೇಡಿ, ಈ ಎರಡು ಬಣ್ಣದ ವ್ಯತ್ಯಾಸ ಕಾಣದವರು, ಅದರಲ್ಲೂ ಗಂಡಸರು, ಪ್ರತಿ ಸಭೆಯಲ್ಲೂ ಇರುತ್ತಾರೆ. ನೀಲಿ ಮತ್ತು ಕಿತ್ತಳೆ ಒಳ್ಳೆಯ ಜೋಡಿ.

ಫೋಟೋಗಳಿಗೆ ಸಂಬಂಧಪಟ್ಟವರ ಒಪ್ಪಿಗೆ ಇರಲಿ. ತೋಟದ ಕೆಲಸಗಾರರ ಮುಖ ಕಾಣುವ ಚಿತ್ರವಾದರೆ ಅವರನ್ನೇ ಕೇಳಿ, ಮಾಲೀಕರನ್ನು ಕೇಳಿದರೆ ಸಾಲದು. ಬೇರೆಯವರ ಮಳೆ ಪುಸ್ತಕವಾದರೆ ಅವರು ಒಪ್ಪಿದ ರೀತಿಯಲ್ಲಿ ಹೆಸರು ಹಾಕಿ, ಇಲ್ಲವೇ ಹೆಸರು ಬಿಡಿ.

ಇನ್ನು ಕನ್ನಡ ಅಕ್ಷರದ ವಿಷಯ. ಕನ್ನಡದಲ್ಲಿ ಮಂಡಿಸುವವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸ್ಲೈಡ್ ನಿಮ್ಮ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆದ್ದರಿಂದ ಯೂನಿಕೋಡ್‌ನಲ್ಲೇ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಟೈಪ್ ಮಾಡಿ. ವಿಂಡೋಸ್‌ನ ತುಂಗಾ, ನಿರ್ಮಲಾ ಯುಐ ಅಥವಾ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ, ಯಾವುದಾದರೂ ಸರಿ. ಹಳೆಯ ಫಾಂಟ್‌ನಲ್ಲಿ ಬರೆದದ್ದು ಇದ್ದರೆ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ. ಬದಲಾಯಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಒತ್ತಕ್ಷರ ಮತ್ತು ಅರ್ಕಾವತ್ತು ಅಲ್ಲಲ್ಲಿ ಕೈಕೊಡುತ್ತವೆ.

ಅಕ್ಷರದ ಗಾತ್ರ 28 ಪಾಯಿಂಟ್‌ಗಿಂತ ಕಡಿಮೆ ಬೇಡ. ಸಾಲುಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ಎಲ್ಲ ಮುಗಿದ ಮೇಲೆ ಪಿಡಿಎಫ್ ಪ್ರತಿಯೊಂದನ್ನು ಮಾಡಿಡಿ. ಪಿಪಿಟಿ ಕೈಕೊಟ್ಟರೂ ಪಿಡಿಎಫ್‌ನಲ್ಲಿ ಅಕ್ಷರ ಹಾಗೇ ಉಳಿಯುತ್ತದೆ.

ಬಾಯಿಬಿಟ್ಟು ಅಭ್ಯಾಸ

ಮನಸ್ಸಿನಲ್ಲೇ ಓದಿಕೊಂಡರೆ 12 ನಿಮಿಷದ ಮಾತು 8 ನಿಮಿಷದಲ್ಲಿ ಮುಗಿದ ಹಾಗೆ ಅನ್ನಿಸುತ್ತದೆ. ಎದ್ದು ನಿಂತು, ಗಟ್ಟಿಯಾಗಿ, ಫೋನ್‌ನಲ್ಲಿ ಸಮಯ ಇಟ್ಟುಕೊಂಡು ಹೇಳಿ. 11 ನಿಮಿಷಕ್ಕೆ ಮುಗಿದರೆ ಸರಿಯಾಗಿದೆ ಅಂತ ಲೆಕ್ಕ. ಮಾತನ್ನು ಪೂರ್ತಿ ಬಾಯಿಪಾಠ ಮಾಡಬೇಡಿ. ಮೊದಲ ಮೂರು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಬಾಯಿಪಾಠ ಇರಲಿ. ನಡುವಿನದು ಸ್ಲೈಡ್ ನೋಡಿದರೆ ನೆನಪಾಗುತ್ತದೆ.

ಅಭ್ಯಾಸವನ್ನು ಇಬ್ಬರ ಮುಂದೆ ಮಾಡಿ. ವಿಷಯ ಬಲ್ಲವರು ಒಬ್ಬರು, ಅರಿಯದವರು ಒಬ್ಬರು. ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಬೇಡಿ, ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. "ನಾನು ಏನು ಹೇಳಿದೆ?" ಅಂತ ಕೇಳಿ. ಅವರ ಬಾಯಲ್ಲಿ ನಿಮ್ಮ ಆ ಒಂದು ವಾಕ್ಯ ಬಂದರೆ ಸ್ಲೈಡ್‌ಗಳನ್ನು ಇನ್ನು ಮುಟ್ಟಬೇಡಿ. ಬಾರದಿದ್ದರೆ ಮಧ್ಯದಲ್ಲಿ ಎಲ್ಲೋ ಜಾಸ್ತಿ ತುಂಬಿದ್ದೀರಿ.

ಇನ್ನೊಂದು ತಯಾರಿ ಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಕಡೆ ಉದ್ಘಾಟನೆ ಹೇಳಿದ ಹೊತ್ತಿಗೆ ಮುಗಿಯುವುದು ಅಪರೂಪ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಸನ್ಮಾನ, ಅತಿಥಿಗಳ ಮಾತು ಎಲ್ಲ ಆಗುವಾಗ ಒಂದು ಗಂಟೆ ಹೆಚ್ಚಾಗಿರುತ್ತದೆ. ಆ ಗಂಟೆಯನ್ನು ಕತ್ತರಿಸುವುದು ನಿಮ್ಮ ಗೋಷ್ಠಿಯಿಂದ. ಅಧ್ಯಕ್ಷರು ಕಿವಿಯಲ್ಲಿ "7 ನಿಮಿಷದಲ್ಲಿ ಮುಗಿಸಿ" ಅನ್ನುತ್ತಾರೆ. ಆಗ 12 ನಿಮಿಷದ್ದನ್ನೇ ಓಡಿಸಿಕೊಂಡು ಹೇಳಿದರೆ ಯಾರಿಗೂ ಏನೂ ಉಳಿಯುವುದಿಲ್ಲ. ಮನೆಯಲ್ಲೇ 7 ನಿಮಿಷದ ಮಾತನ್ನೂ ತಯಾರಿಸಿ: ಪ್ರಶ್ನೆ, ಅಳೆದ ರೀತಿ ಒಂದು ವಾಕ್ಯದಲ್ಲಿ, ಒಂದೇ ಗ್ರಾಫ್, ಏನು ಮಾಡಬಹುದು. ಯಾವ ಸ್ಲೈಡ್‌ಗೆ ಯಾವ ನಂಬರ್ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪವರ್‌ಪಾಯಿಂಟ್ ಓಡುತ್ತಿರುವಾಗ ಸ್ಲೈಡ್ ನಂಬರ್ ಒತ್ತಿ ಎಂಟರ್ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ.

ಹಿಂದಿನ ದಿನ ಮತ್ತು ಆ ಬೆಳಗ್ಗೆ

ಕೊಡಗಿಗೆ ರೈಲು ಇಲ್ಲ, ಬರುವುದೆಲ್ಲ ರಸ್ತೆಯಲ್ಲೇ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ ಹೊತ್ತು ಹೇಳಲಾಗದು. ಹಿಂದಿನ ಸಂಜೆಯೇ ಬಂದು ಉಳಿಯಿರಿ. ಮಳೆಗಾಲದಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಎರಡನ್ನೂ ನಂಬಿಕೊಳ್ಳಬೇಡಿ. "ಡ್ರೈವ್‌ನಲ್ಲಿದೆ, ಅಲ್ಲೇ ತೆಗೆದರಾಯ್ತು" ಅನ್ನುವುದು ಬೇಡ. ಸ್ಲೈಡ್ ಲ್ಯಾಪ್‌ಟಾಪ್‌ನಲ್ಲಿ, ಪೆನ್ ಡ್ರೈವ್‌ನಲ್ಲಿ, ಫೋನ್‌ನಲ್ಲಿ, ಮೂರು ಕಡೆ ಇರಲಿ. ಮುಖ್ಯ ಗ್ರಾಫ್‌ನ 20 ಜೆರಾಕ್ಸ್ ಪ್ರತಿ ಬ್ಯಾಗ್‌ನಲ್ಲಿದ್ದರೆ ಕರೆಂಟ್ ಹೋದರೂ ಮಾತು ನಿಲ್ಲುವುದಿಲ್ಲ.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಪೋರ್ಟ್ ಮಾತ್ರ ಇರುತ್ತದೆ, ಹಳೆಯ ಪ್ರೊಜೆಕ್ಟರ್‌ಗೆ ವಿಜಿಎ ಬೇಕು. ಅಡಾಪ್ಟರ್ ನೀವೇ ತನ್ನಿ. ಗೋಷ್ಠಿ ಶುರುವಾಗುವ ಅರ್ಧ ಗಂಟೆ ಮೊದಲು ಜೋಡಿಸಿ ನೋಡಿ. ಪರದೆ ಬಾರದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ. ಆಮೇಲೆ ಹಾಲ್‌ನ ಕೊನೆಯ ಸಾಲಿಗೆ ಹೋಗಿ ನಿಂತು ನಿಮ್ಮದೇ ಸ್ಲೈಡ್ ಓದಿ ನೋಡಿ.

ವೇದಿಕೆಯ ಮೇಲೆ

ವಂದನೆ ಒಂದು ವಾಕ್ಯದಲ್ಲಿ ಮುಗಿಯಲಿ. "ಅಧ್ಯಕ್ಷರಿಗೆ, ಸಭೆಯಲ್ಲಿರುವ ಹಿರಿಯರಿಗೆ, ಎಲ್ಲರಿಗೂ ನಮಸ್ಕಾರ." ಒಬ್ಬೊಬ್ಬರ ಹೆಸರು ಹೇಳಲು ಹೋದರೆ ಒಬ್ಬರ ಹೆಸರು ಬಿಟ್ಟುಹೋಗುತ್ತದೆ, ಒಂದು ನಿಮಿಷವೂ ಹೋಗುತ್ತದೆ. ನಮಸ್ಕಾರ ಆದಮೇಲೆ ಎರಡು ಕ್ಷಣ ಸುಮ್ನೆ ನಿಲ್ಲಿ. ಆಮೇಲೆ ಮೊದಲ ಪ್ರಶ್ನೆ.

ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ. ಪರದೆ ಕಡೆ ತಿರುಗಿ ಮಾತಾಡಿದರೆ ಮೈಕ್ ಹಿಡಿಯುವುದಿಲ್ಲ. ಗ್ರಾಫ್ ತೋರಿಸಬೇಕಾದರೆ ತೋರಿಸಿ, ಸಭೆ ಕಡೆ ತಿರುಗಿ, ಆಮೇಲೆ ಮಾತಾಡಿ. ಲೇಸರ್ ಚುಕ್ಕಿಯನ್ನು ಸುತ್ತ ತಿರುಗಿಸಬೇಡಿ, ಬೇಕಾದಲ್ಲಿ ಇಟ್ಟು ಆರಿಸಿ. ಏನಾದರೂ ವಿವರಿಸಬೇಕು, ಎಲ್ಲರೂ ನಿಮ್ಮನ್ನೇ ನೋಡಬೇಕು ಅನ್ನಿಸಿದರೆ ಕೀಬೋರ್ಡ್‌ನ ಬಿ ಒತ್ತಿ, ಪರದೆ ಕಪ್ಪಾಗುತ್ತದೆ. ಇನ್ನೊಮ್ಮೆ ಒತ್ತಿದರೆ ವಾಪಸ್.

ಕೈ ನಡುಗಿದರೆ ಪೋಡಿಯಂ ಮೇಲೆ ಇಡಿ. ಗಂಟಲು ಒಣಗುವುದು ಎಲ್ಲರಿಗೂ ಆಗುತ್ತದೆ, ನೀರು ಹತ್ತಿರ ಇರಲಿ. ಭಯ ಹೋಗಲಿ ಅಂತ ಕಾಯಬೇಡಿ. ನಿಮ್ಮ ಗ್ರಾಫ್ ಬಂದಾಗ, ನಿಮಗೆ ಗೊತ್ತಿರುವ ವಿಷಯವೇ ಕೈ ಹಿಡಿಯುತ್ತದೆ.

ಮಾತು ಕನ್ನಡವಾಗಿರಲಿ, ಆದರೆ ತೋಟದಲ್ಲಿ ಬಳಸುವ ಮಾತೇ ಬರಲಿ. ಸ್ಪ್ರಿಂಕ್ಲರ್, ಬ್ಯಾಕಿಂಗ್, ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಅನ್ನುವುದನ್ನೆಲ್ಲ ಕಷ್ಟಪಟ್ಟು ಬೇರೆ ಪದಕ್ಕೆ ತಿರುಗಿಸಿದರೆ ಕೇಳುವವರು ಇನ್ನಷ್ಟು ದೂರ ಹೋಗುತ್ತಾರೆ.

ಪ್ರಶ್ನೆಗಳು

ನನ್ನ ಮಟ್ಟಿಗೆ ಸಂಕಿರಣದ ಅತ್ಯಂತ ಬೆಲೆಬಾಳುವ 3 ನಿಮಿಷ ಇದು. ಪ್ರಶ್ನೆಯನ್ನು ಪೂರ್ತಿ ಕೇಳಿ, ಮೈಕ್‌ನಲ್ಲಿ ಒಮ್ಮೆ ನೀವೇ ಹೇಳಿ. ಹಿಂದಿನ ಸಾಲಿಗೆ ಪ್ರಶ್ನೆ ಕೇಳಿಸಿರುವುದಿಲ್ಲ. ನಿಮಗೂ ಯೋಚಿಸಲು ಸ್ವಲ್ಪ ಹೊತ್ತು ಸಿಗುತ್ತದೆ.

ಒಬ್ಬ ಹಿರಿಯ ಬೆಳೆಗಾರರು ಎದ್ದು, ಪ್ರಶ್ನೆ ಕೇಳದೆ ತಮ್ಮ ತೋಟದ ಅನುಭವವನ್ನೇ ಹೇಳಬಹುದು. ಅವರನ್ನು ತಡೆಯಬೇಡಿ. "ಸರ್, ನಿಮ್ಮ ತೋಟ ಯಾವ ಕಡೆ? ಆ ವರ್ಷ ಹೂಮಳೆ ಯಾವಾಗ ಬಿತ್ತು, ನೆನಪಿದೆಯಾ?" ಅಂತ ಕೇಳಿ. ಅದೂ ನಿಮ್ಮ ವಿಷಯಕ್ಕೆ ಬೇಕಾದ ಮಾಹಿತಿಯೇ ಅಲ್ವಾ? ಅವರ ಅನುಭವ ನಿಮ್ಮ ಫಲಿತಾಂಶಕ್ಕೆ ಎದುರಾಗಿದ್ದರೆ ವಾದಕ್ಕೆ ಇಳಿಯಬೇಡಿ. ಮಣ್ಣು, ನೆರಳು, ನೀರಿನ ವ್ಯವಸ್ಥೆ ಯಾವುದು ಬೇರೆ ಇದೆ ಅಂತ ಹುಡುಕಿ. ಗೊತ್ತಿಲ್ಲದ ಪ್ರಶ್ನೆಗೆ "ಅದನ್ನು ನಾನು ನೋಡಿಲ್ಲ, ನೋಡಿ ತಿಳಿಸುತ್ತೇನೆ" ಅಂದರೆ ಸಾಕು. ಆದರೆ ನಿಜವಾಗಿ ತಿಳಿಸಬೇಕು.

ವಿಜ್ಞಾನಿಗಳು ಕೇಳುವ ಪ್ರಶ್ನೆಗಳನ್ನು ಮೊದಲೇ ಊಹಿಸಬಹುದು. ಒಂದೇ ತೋಟದ ಲೆಕ್ಕವನ್ನು ಇಡೀ ಜಿಲ್ಲೆಗೆ ಹೇಗೆ ಹೇಳುತ್ತೀರಿ? ಗೊಬ್ಬರ, ಕಸಿ (ರೆಂಬೆ ಸವರುವುದು), ಗಿಡದ ವಯಸ್ಸು ಬದಲಾಗಿಲ್ಲವಾ? ರೊಬಸ್ಟಾ ಒಂದು ವರ್ಷ ಜಾಸ್ತಿ ಬಿಟ್ಟರೆ ಮರುವರ್ಷ ಕಡಿಮೆ ಬಿಡುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಾ? ಈ ಮೂರಕ್ಕೂ ಕೊನೆಯಲ್ಲಿಟ್ಟ ಸ್ಲೈಡ್‌ಗಳಲ್ಲಿ ಉತ್ತರ ಇರಲಿ.

ಮುಗಿದ ಮೇಲೆ

ಊಟದ ಹೊತ್ತಿಗೆ ಎಲ್ಲೂ ಹೋಗಬೇಡಿ. ಮೈಕ್ ಮುಂದೆ ಕೇಳಲು ಸಂಕೋಚಪಟ್ಟವರು ಆಗ ಬರುತ್ತಾರೆ. ಅದೇ ಸಂಜೆ ಬಂದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿಡಿ, ಪ್ರಬಂಧವನ್ನು ಪತ್ರಿಕೆಗೆ ಕಳಿಸುವ ಮೊದಲು ತಿದ್ದಲು ಅವು ಬೇಕು. ಒಂದು ಪುಟದ ಕನ್ನಡ ಸಾರಾಂಶ ಮಾಡಿ, ಇಂಚು ಮತ್ತು ಚೀಲದ ಲೆಕ್ಕದಲ್ಲಿ, ಪಿಡಿಎಫ್ ಆಗಿ. ನಂಬರ್ ಕೊಟ್ಟವರಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿ. ಜೊತೆಗೆ ಒಂದು ಮಾತು ಕೇಳಿ: ನಿಮ್ಮ ಮನೆಯಲ್ಲೂ ಹಳೆಯ ಮಳೆ ಪುಸ್ತಕ ಇದೆಯಾ, ಅದರ ಫೋಟೋ ತೆಗೆದುಕೊಳ್ಳಲು ಒಂದು ದಿನ ಬರಬಹುದಾ?